ಊರಿನ ಮಿರ್ಚಿ ಅಂಗಡಿಯ ಹೊಸ ಶಾಖೆ



ಊರಲ್ಲಿ ಹೆಸರು ಮಾಡಿದ ಒಂದು ತಿಂಡಿ ಅಂಗಡಿ ದೊಡ್ಡ ಪೇಟೆಯಲ್ಲಿ ಶಾಖೆ ತೆರೆಯಿತು ಎಂದರೆ ಆ ಊರಿನವರ ಬಾಯಲ್ಲಿ ಎರಡು ಮಾತು ಬೆನ್ನುಬೆನ್ನಿಗೆ ಬರುತ್ತವೆ. ‘ನಮ್ಮೂರ ಹುಡುಗ್ರು ಅಲ್ಲೀತನಾ ಹೋದ್ರು ನೋಡ್ರಿ’ ಎಂಬ ಅಭಿಮಾನದ ಮಾತು ಮೊದಲು. ಅದರ ಹಿಂದೆಯೇ ‘ಏನ್ ಮಾಡಿದ್ರೂ ಇಲ್ಲಿ ರುಚಿ ಅಲ್ಲಿ ಬರಾಂಗಿಲ್ಲ ಬಿಡ್ರಿ’ ಎಂಬ ತೀರ್ಪು. ಹೋಗಿ ತಿಂದು ನೋಡುವ ಮುಂಚೆಯೇ ತೀರ್ಪು ಆಗಿಹೋಗಿರುತ್ತದೆ. ಆ ಎರಡನೆಯ ಮಾತಿನ ಬಗ್ಗೆ ಇವತ್ತು ನಿಮ್ಮೊಡನೆ ಮಾತಾಡಬೇಕೆಂದಿದ್ದೇನೆ. ‘ಇಲ್ಲಿಯ ರುಚಿ’ ಎಂದು ನಾವು ಹೇಳುವುದು ಯಾವುದಕ್ಕೆ? ಅದು ಎಲ್ಲಿರುತ್ತದೆ? ಯಾರ ಪಾಲಿಗೆ ಸಿಕ್ಕ ರುಚಿ ಅದು?

ನನ್ನ ತವರು ಮಂಗಸೂಳಿ. ಬೆಳಗಾವಿ ಜಿಲ್ಲೆಯ ಉತ್ತರದ ಅಂಚಿನಲ್ಲಿ, ಮೊದಲು ಅಥಣಿ ತಾಲ್ಲೂಕಿನಲ್ಲಿದ್ದು ಈಗ ಕಾಗವಾಡ ತಾಲ್ಲೂಕಿಗೆ ಸೇರಿರುವ ಊರು. ಮಹಾರಾಷ್ಟ್ರದ ಗಡಿ ಹತ್ತಿರ. ನಮ್ಮ ಕಡೆಯ ಕಬ್ಬು ಉಗಾರದ ಸಕ್ಕರೆ ಕಾರ್ಖಾನೆಗೆ ಹೋಗುತ್ತದೆ, ಜಡ್ಡಾದವರು ಮಿರಜಿನ ಆಸ್ಪತ್ರೆಗೆ ಹೋಗುತ್ತಾರೆ. ಮನೆಯೊಳಗೆ ಕನ್ನಡ, ಸಂತೆಯಲ್ಲಿ ಮರಾಠಿಯೂ ಕನ್ನಡವೂ ಕೂಡಿಕೊಂಡೇ ನಡೆಯುತ್ತವೆ. ಊರಿಗೆ ಹೆಸರು ತಂದವನು ಖಂಡೋಬಾ. ರವಿವಾರ ಆತನ ವಾರ. ಎರಡೂ ರಾಜ್ಯಗಳ ಭಕ್ತರು ಬಂದು ಭಂಡಾರ ಹಾರಿಸುತ್ತಾರೆ, ಹೊರಗೆ ಬಂದವರ ಹಣೆ, ಅಂಗಿ, ಟೊಪಿಗೆ ಎಲ್ಲ ಹಳದಿ.

ಹೀಗೆ ಹಳದಿಯಾಗಿ ಬಂದವರು ಹಸಿವೆಯಿಂದ ನಿಲ್ಲುತ್ತಿದ್ದ ಒಂದು ಅಂಗಡಿ ನಮ್ಮೂರಲ್ಲಿತ್ತು, ಇಂದಿಗೂ ಇದೆ. ಹೆಸರು ಹೇಳುವುದಿಲ್ಲ. ಇಂಥದೊಂದು ಅಂಗಡಿ ನಿಮ್ಮೂರಲ್ಲೂ ಇರುತ್ತದೆ, ಅದನ್ನೇ ನೆನಪಿಗೆ ತಂದುಕೊಳ್ಳಿರಿ. ತಗಡಿನ ಚಪ್ಪರ, ಎರಡು ಬಾಕು, ಮುಂದೆಯೇ ಮಣ್ಣಿನ ಒಲೆ, ಒಲೆಯ ಮೇಲೆ ಕಡಾಯಿ. ಅಲ್ಲಿ ಸಿಗುತ್ತಿದ್ದುದು ಎರಡೇ, ಮಿರ್ಚಿ ಭಜಿ ಮತ್ತು ವಡಾಪಾವ್. ಜೊತೆಗೆ ಚಾ. ಹುಬ್ಬಳ್ಳಿ-ಧಾರವಾಡದವರು ಮಿರ್ಚಿಯನ್ನು ಮಂಡಕ್ಕಿಯೊಡನೆ ತಿನ್ನುತ್ತಾರೆ. ಗಡಿಯ ನಮ್ಮ ಊರಲ್ಲಿ ಅದನ್ನು ಪಾವ್ ಸೀಳಿ ಅದರೊಳಗೆ ಇಟ್ಟು, ಮೇಲೆ ಬಳ್ಳೊಳ್ಳಿ-ಶೇಂಗಾದ ಒಣ ಚಟ್ನಿ ಉದುರಿಸಿ, ಅಂಗೈಯಿಂದ ಒಮ್ಮೆ ಒತ್ತಿ ಕೊಡುತ್ತಿದ್ದರು.

ಮಿರ್ಚಿ ಭಜಿ ಸುಲಭದ ಕೆಲಸವಲ್ಲ. ಬೆರಳುದ್ದಕ್ಕಿಂತ ಹೆಚ್ಚಿನ, ತಿಳಿಹಸಿರು ಬಣ್ಣದ, ತೊಗಲು ತೆಳುವಾದ ಮೆಣಸಿನಕಾಯಿ ಆರಿಸಬೇಕು. ತೊಟ್ಟು ಹಾಗೇ ಬಿಡಬೇಕು, ಕೈಗೆ ಹಿಡಿಕೆ ಅದೇ. ಒಂದೇ ಕಡೆ ಉದ್ದಕ್ಕೆ ಸೀಳಿ, ಜೀರಿಗೆ, ಅಜವಾನ, ಉಪ್ಪು ಅರೆದ ಮಸಾಲೆಯನ್ನು ಬೆರಳ ತುದಿಯಿಂದ ಒಳಗೆ ಸವರಬೇಕು. ಕಡ್ಲಿಹಿಟ್ಟು ಗಂಟಿಲ್ಲದಂತೆ ಕಲಸಿ, ಒಂದು ಸೌಟು ಕಾದ ಎಣ್ಣೆಯನ್ನು ಅದಕ್ಕೆ ಹಾಕಿ ಮತ್ತೆ ಕೈಯಾಡಿಸಬೇಕು. ಹಿಟ್ಟು ತೆಳುವಾದರೆ ಎಣ್ಣೆಯಲ್ಲಿ ಜಾರಿಹೋಗುತ್ತದೆ, ದಪ್ಪವಾದರೆ ಒಳಗೆ ಹಸಿ ಉಳಿಯುತ್ತದೆ. ಎಣ್ಣೆ ಕಡಿಮೆ ಕಾದಿದ್ದರೆ ಭಜಿ ಎಣ್ಣೆ ಕುಡಿಯುತ್ತದೆ, ಹೆಚ್ಚು ಕಾದಿದ್ದರೆ ಮೇಲೆ ಕಂದಿ ಒಳಗಿನ ಮೆಣಸಿನಕಾಯಿ ಹಸಿಯಾಗಿಯೇ ಉಳಿಯುತ್ತದೆ. ಅಂಗಡಿಯ ಮಾಮಾ ಒಂದು ಹನಿ ಹಿಟ್ಟು ಬಿಟ್ಟು ನೋಡುತ್ತಿದ್ದರು. ಅದು ತಳ ಮುಟ್ಟಿ ಕ್ಷಣ ತಡೆದು ಮೇಲೆದ್ದಿತೆಂದರೆ ಎಣ್ಣೆ ಹದಕ್ಕೆ ಬಂದಿದೆ ಎಂದು ಲೆಕ್ಕ. ಆಮೇಲೆ ತೊಟ್ಟು ಹಿಡಿದು ಹಿಟ್ಟಿನಲ್ಲಿ ಅದ್ದಿ, ಕಡಾಯಿಯ ಅಂಚಿನಿಂದ ಒಂದೊಂದಾಗಿ ಒಳಗೆ ಜಾರಿಸುತ್ತಿದ್ದರು. ಎಸೆದದ್ದನ್ನು ನಾನು ನೋಡಿಲ್ಲ.

ಇದು ‘ನಮ್ಮೂರ ರುಚಿ’. ಆದರೆ ಇದರಲ್ಲಿ ನಮ್ಮ ನೆಲದ್ದೇ ಆದದ್ದು ಎಷ್ಟು ಎಂದು ಕೇಳಿಕೊಂಡರೆ ಉತ್ತರ ಬೆರಗು ಹುಟ್ಟಿಸುತ್ತದೆ. ಮೆಣಸಿನಕಾಯಿಯ ತವರು ಅಮೆರಿಕ ಖಂಡ. ಪೋರ್ಚುಗೀಸರ ಹಡಗಿನಲ್ಲಿ 16ನೆಯ ಶತಮಾನದಲ್ಲಿ ಗೋವೆಯ ದಂಡೆಗೆ ಬಂದು, ಘಟ್ಟ ಹತ್ತಿ, ಬ್ಯಾಡಗಿಯಲ್ಲಿ ನೆಲೆನಿಂತು, 2011ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಪಡೆಯುವಷ್ಟು ನಮ್ಮದಾಯಿತು. ಬಟಾಟಿಯೂ ಅದೇ ಖಂಡದಿಂದ ಸಮುದ್ರ ದಾಟಿ ಬಂದದ್ದು. ಪಾವ್ ಪೋರ್ಚುಗೀಸರ ಭಟ್ಟಿಯಿಂದ ಗೋವೆಯ ಬೇಕರಿಯವರ ಕೈಗೆ, ಅವರಿಂದ ಮುಂಬೈಗೆ ಹೋಯಿತು. ವಡಾಪಾವ್ ಅಂತೂ ನಮ್ಮ ಕಾಲದ್ದೇ. 1966ರಲ್ಲಿ ಮುಂಬೈಯ ದಾದರ ರೈಲು ನಿಲ್ದಾಣದ ಹೊರಗೆ ಅಶೋಕ ವೈದ್ಯ ಎಂಬವರು ಬಟಾಟಿ ವಡೆಯನ್ನು ಪಾವ್‌ನೊಳಗಿಟ್ಟು ಗಿರಣಿ ಕೆಲಸಗಾರರಿಗೆ ಮಾರಿದ್ದೇ ಇದರ ಆರಂಭ ಎಂದು ಹೇಳುತ್ತಾರೆ. ಪಾಳಿ ಮುಗಿಸಿ ಗಾಡಿ ಹಿಡಿಯಲು ಓಡುವ ಕೂಲಿಕಾರನಿಗೆ ನಿಂತಲ್ಲೇ, ಒಂದೇ ಕೈಯಲ್ಲಿ, ಕಡಿಮೆ ದುಡ್ಡಿನಲ್ಲಿ ಹೊಟ್ಟೆ ತುಂಬಬೇಕಿತ್ತು. 1982ರ ಗಿರಣಿ ಮುಷ್ಕರದ ನಂತರ ಕೆಲಸ ಕಳೆದುಕೊಂಡ ಎಷ್ಟೋ ಜನ ಇದೇ ವಡಾಪಾವ್ ಗಾಡಿ ಹಾಕಿ ಸಂಸಾರ ನಡೆಸಿದರು. ದುಡಿಯಲು ಹೋದವರು ಊರಿಗೆ ಮರಳುವಾಗ ನಾಲಿಗೆಯ ಮೇಲೆ ಅದರ ರುಚಿಯನ್ನೂ ತಂದರು. ಹೀಗೆ ಪಡುವಣದಿಂದ ವಡಾಪಾವ್, ದಕ್ಷಿಣದ ಧಾರವಾಡ ಸೀಮೆಯಿಂದ ಮಿರ್ಚಿ ಬಂದು ಗಡಿಯ ಒಂದೇ ಕಡಾಯಿಯಲ್ಲಿ ಕೂಡಿದವು.

ಅಂದರೆ ನಮ್ಮೂರ ಅಂಗಡಿಯ ತಾಟಿನಲ್ಲಿರುವುದೆಲ್ಲ ಎಲ್ಲಿಂದಲೋ ಹೊರಟು ಬಂದು ಇಲ್ಲಿ ಬೇರೂರಿದ್ದು. ಹೊರಟು ಬಂದ ರುಚಿ ಇಲ್ಲಿ ಬೇರೂರಬಹುದಾದರೆ, ಇಲ್ಲಿಂದ ಹೊರಟ ರುಚಿ ಇನ್ನೊಂದು ಕಡೆ ಬೇರೂರಬಾರದೇಕೆ?

ಈಗ ಶಾಖೆಯ ಮಾತು. ನಾನು ಶಿಕ್ಷಕಿಯಾಗಿ ಧಾರವಾಡದಲ್ಲಿ ನೆಲೆಸಿದವಳು. ನಮ್ಮೂರ ಆ ಅಂಗಡಿಯ ಮೂರನೆಯ ತಲೆಮಾರಿನ ಹುಡುಗ ಧಾರವಾಡದ ಸಪ್ತಾಪುರದಲ್ಲಿ ಶಾಖೆ ತೆರೆದಿದ್ದಾನೆಂದು ತವರಿನಿಂದ ಫೋನ್ ಬಂತು. ಸಪ್ತಾಪುರ ಎಂದರೆ ನಿಮಗೆ ಗೊತ್ತು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಮಕ್ಕಳ ಊರೊಳಗಿನ ಊರು ಅದು. ಅಥಣಿ, ರಾಯಬಾಗ, ಚಿಕ್ಕೋಡಿ, ಜಮಖಂಡಿ, ವಿಜಯಪುರ, ಕಲಬುರ್ಗಿ ಎಲ್ಲ ಕಡೆಯಿಂದ ಬಂದ ಹುಡುಗ ಹುಡುಗಿಯರು ಸಣ್ಣ ಕೋಣೆಗಳಲ್ಲಿ ಕೂಡಿಕೊಂಡು ಇದ್ದು, ಪಿಎಸ್‌ಐ, ಎಫ್‌ಡಿಎ, ಕೆಎಎಸ್ ಎಂದು ವರ್ಷಗಟ್ಟಲೆ ಓದುತ್ತಾರೆ. ಗಲ್ಲಿಗೊಂದು ಗ್ರಂಥಾಲಯ, ಗೋಡೆಗೆಲ್ಲ ಕೋಚಿಂಗ್ ಕೇಂದ್ರಗಳ ಫಲಕ. ಹೊಲದ ಮೇಲೆ ಸಾಲ ಮಾಡಿ ಕಳಿಸಿದ ಅಪ್ಪನ ದುಡ್ಡಿನಲ್ಲಿ ದಿನಕ್ಕಿಷ್ಟು ಎಂದು ಲೆಕ್ಕ ಹಾಕಿ ಉಣ್ಣುವ ಮಕ್ಕಳು. ದಾದರದ ಗಿರಣಿ ಕೆಲಸಗಾರನಿಗೆ ಯಾವ ಕಾರಣಕ್ಕೆ ವಡಾಪಾವ್ ಬೇಕಾಗಿತ್ತೋ ಅದೇ ಕಾರಣಕ್ಕೆ ಇವರಿಗೂ ಬೇಕು.

ನಾನು ಹೋದದ್ದು ಮಧ್ಯಾಹ್ನ ಇಳಿಯುವ ಹೊತ್ತು. ತಗಡಿನ ಚಪ್ಪರವಿಲ್ಲ, ಕಾಂಕ್ರೀಟ್ ಮಳಿಗೆ. ಮಣ್ಣಿನ ಒಲೆಯಿಲ್ಲ, ಗ್ಯಾಸಿನ ಬರ್ನರ್. ಆದರೆ ಕಡಾಯಿ ಮಾತ್ರ ಒಳಗೆ ಅಡಗಿಲ್ಲ, ಬಾಗಿಲ ಬದಿಗೆ, ಬಂದವರಿಗೆ ಕಾಣುವಂತೆ ಇಟ್ಟಿದ್ದಾನೆ. ‘ಬರ್ರಿ ಅಕ್ಕಾರ, ಒಳಗ ಬರ್ರಿ’ ಎಂದು ಕರೆದ. ನನ್ನ ತವರಿನ ಮನೆಯ ಹೆಸರು ಹೇಳಿದ ಮೇಲೆ ಕೈ ಒರೆಸಿಕೊಂಡು ಬಂದು ನಮಸ್ಕಾರ ಮಾಡಿದ. ‘ಬಿಸಿ ತಗೀತೀನ್ರಿ, ಎರಡು ಮಿನಿಟು’ ಎಂದವನು ತಾಟಿನಲ್ಲಿದ್ದ ಭಜಿಯನ್ನು ಮುಟ್ಟಲಿಲ್ಲ. ಹೊಸದಾಗಿ ಹಿಟ್ಟಿನಲ್ಲಿ ಅದ್ದಿ ಬಿಟ್ಟ. ಅಂಚಿನಿಂದ ಜಾರಿಸಿದ. ಅವನ ಅಜ್ಜನ ಕೈ ಅದು.

ಆಗ ಆದದ್ದನ್ನು ಹೇಳಲೆಂದೇ ಇಷ್ಟು ದೂರ ನಿಮ್ಮನ್ನು ಕರೆತಂದೆ. ತಾಟಿನಲ್ಲಿ ಬಂದ ಮಿರ್ಚಿಯ ತೊಟ್ಟು ಹಿಡಿದರೆ ಬೆರಳು ಸುಡುತ್ತಿತ್ತು. ಕಚ್ಚಿದಾಗ ಮೇಲಿನ ಪದರು ಸದ್ದು ಮಾಡಿ ಒಡೆಯಿತು, ಒಳಗಿನ ಮೆಣಸಿನಕಾಯಿ ಬೆಂದು ಮೆತ್ತಗಾಗಿತ್ತು, ಅಜವಾನದ ಘಾಟು ಮೂಗಿಗೆ ಮೊದಲು ಬಂತು, ಖಾರ ಆಮೇಲೆ ಬಂತು. ಊರಿನ ಭಜಿ ಹೀಗಿರುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ಏಕೆಂದರೆ ನಮ್ಮೂರ ಅಂಗಡಿಯ ಬಾಕಿನ ಮೇಲೆ ನಾನು ಎಂದೂ ಕೂತಿರಲಿಲ್ಲ.

ನಮ್ಮ ಕಾಲದಲ್ಲಿ ಹೆಣ್ಣುಮಕ್ಕಳು ಅಲ್ಲಿ ಕೂಡುತ್ತಿರಲಿಲ್ಲ. ಯಾರೂ ಬೋರ್ಡು ಹಾಕಿರಲಿಲ್ಲ, ಯಾರೂ ಬೈದಿರಲೂ ಇಲ್ಲ. ಕೂಡಬಾರದೆಂಬುದು ಎಲ್ಲರಿಗೂ ಗೊತ್ತಿತ್ತು, ಅಷ್ಟೆ. ಅಪ್ಪ ಅಲ್ಲಿ ಕೂತು ಬಿಸಿಬಿಸಿ ತಿಂದು, ನಮಗಾಗಿ ರದ್ದಿ ಪೇಪರಿನಲ್ಲಿ ಪುಡಕಿ ಕಟ್ಟಿಸಿಕೊಂಡು ಬರುತ್ತಿದ್ದರು. ಮನೆಗೆ ಬರುವಷ್ಟರಲ್ಲಿ ಭಜಿ ತನ್ನ ಹಬೆಗೆ ತಾನೇ ನೆನೆದು ಮೆತ್ತಗಾಗಿರುತ್ತಿತ್ತು, ಪೇಪರಿಗೆ ಎಣ್ಣೆ ಹತ್ತಿ ಅಕ್ಷರಗಳು ಭಜಿಯ ಬೆನ್ನಿಗೆ ಮೂಡಿರುತ್ತಿದ್ದವು. ಅಮ್ಮ, ಅತ್ತಿ, ನಾವು ಅಕ್ಕತಂಗಿಯರು ಅದನ್ನೇ ಪ್ರೀತಿಯಿಂದ ಹಂಚಿಕೊಂಡು ತಿಂದೆವು. ನಮಗೆ ‘ನಮ್ಮೂರ ಮಿರ್ಚಿ’ ಎಂದರೆ ಆ ತಣ್ಣಗಾದ ಮಿರ್ಚಿ. ಅಪ್ಪನಿಗೆ ನಮ್ಮೂರ ಮಿರ್ಚಿ ಎಂದರೆ ಬೆರಳು ಸುಡುವ ಮಿರ್ಚಿ. ಒಂದೇ ಕಡಾಯಿ, ಒಂದೇ ಹಿಟ್ಟು, ಒಂದೇ ಕೈ. ರುಚಿ ಮಾತ್ರ ಎರಡು.

ಆದ್ದರಿಂದ ‘ಆ ರುಚಿ ಅಲ್ಲಿ ಬರಾಂಗಿಲ್ಲ’ ಎಂದು ಯಾರಾದರೂ ಹೇಳಿದರೆ ನಾನು ಕೇಳುವುದು ಇದನ್ನೇ: ಯಾವ ರುಚಿ? ಬಾಕಿನ ಮೇಲೆ ಕೂತವರ ರುಚಿಯೋ, ಮನೆಯಲ್ಲಿ ಪುಡಕಿಗೆ ಕಾದವರ ರುಚಿಯೋ? ಸಪ್ತಾಪುರದ ಆ ಮಳಿಗೆಯಲ್ಲಿ ನನ್ನ ಪಕ್ಕದ ಮೇಜಿನಲ್ಲಿ ನಾಲ್ಕು ಹುಡುಗಿಯರಿದ್ದರು. ಕೈಯಲ್ಲಿ ಪ್ರಚಲಿತ ವಿದ್ಯಮಾನದ ಪುಸ್ತಕ. ಒಬ್ಬಳು ರಾಯಬಾಗದ ಕಡೆಯವಳೆಂದು ಮಾತಿನಲ್ಲೇ ತಿಳಿಯುತ್ತಿತ್ತು. ‘ಅಣ್ಣಾ, ಇನ್ನೊಂದೆರಡು ಮಿರ್ಚಿ ಕೊಡ್ರಿ, ಚಟ್ನಿ ಜಾಸ್ತಿ ಹಾಕ್ರಿ’ ಎಂದು ದೊಡ್ಡ ದನಿಯಲ್ಲಿ ಕೂಗಿ ಹೇಳಿದಳು. ಆ ದನಿಗೆ ಯಾರೂ ತಿರುಗಿ ನೋಡಲಿಲ್ಲ. ಮೂಲ ಅಂಗಡಿ ನನ್ನ ತಲೆಮಾರಿಗೆ ಕೊಡದೆ ಉಳಿಸಿಕೊಂಡದ್ದನ್ನು ಶಾಖೆ ಅವಳಿಗೆ ಕೊಟ್ಟಿತ್ತು. ನನಗೂ ಕೊಟ್ಟಿತು.

ಇದು ಒಂದು ಅಂಗಡಿಯ ಮಾತಷ್ಟೇ ಅಲ್ಲ. ನಮ್ಮ ನಾಡಿನ ಹೋಟೆಲುಗಳ ಚರಿತ್ರೆಯಲ್ಲಿ ಬಾಗಿಲ ಒಳಗೆ ಯಾರಿಗೆ ಪ್ರವೇಶ, ಯಾರಿಗೆ ಇಲ್ಲ ಎಂಬ ಪ್ರಶ್ನೆ ಅಡುಗೆಯಷ್ಟೇ ದೊಡ್ಡದು. ಬೆಂಗಳೂರಿನ ಎಂಟಿಆರ್ ಹೋಟೆಲನ್ನು ಉಡುಪಿ ಕಡೆಯಿಂದ ಬಂದ ಮಯ್ಯ ಸಹೋದರರು 1924ರಲ್ಲಿ ಆರಂಭಿಸಿದಾಗ ಅದರ ಹೆಸರಿನಲ್ಲಿಯೇ ಜಾತಿ ಇತ್ತು, ಬ್ರಾಹ್ಮಣರ ಕಾಫಿ ಕ್ಲಬ್ ಎಂದೇ ಕರೆದಿದ್ದರು. 1960ರಲ್ಲಿ ಲಾಲ್‌ಬಾಗ್ ರಸ್ತೆಯ ಈಗಿನ ಜಾಗಕ್ಕೆ ಬಂದಾಗ ಮಾವಳ್ಳಿ ಟಿಫಿನ್ ರೂಮ್ಸ್ ಎಂಬ ಹೆಸರು ಬಂತು. ಯುರೋಪು ನೋಡಿ ಬಂದಿದ್ದ ಯಜ್ಞನಾರಾಯಣ ಮಯ್ಯರು ಅಡುಗೆಮನೆಯನ್ನು ಗಿರಾಕಿಗಳ ಕಣ್ಣಿಗೆ ತೆರೆದಿಟ್ಟರು. ನಮ್ಮ ಗಡಿ ಸೀಮೆಯಲ್ಲಿಯೇ 1925ರಲ್ಲಿ ಡಾ. ಅಂಬೇಡ್ಕರರು ನಿಪ್ಪಾಣಿಗೆ ಬಂದು ಅಸ್ಪೃಶ್ಯರ ಪರಿಷತ್ತಿನ ಅಧ್ಯಕ್ಷತೆ ವಹಿಸಿದ್ದರು. ಚಾ ಅಂಗಡಿಯಲ್ಲಿ ದಲಿತರಿಗೆ ಬೇರೆ ಕಪ್ಪು ಇಡುತ್ತಿದ್ದ ಕಾಲ ಅದು. ಮುಂದೆ ಅವರೇ ಕರಡು ಸಮಿತಿಯ ಅಧ್ಯಕ್ಷರಾಗಿ ರೂಪಿಸಿದ ಸಂವಿಧಾನದ 15ನೆಯ ವಿಧಿಯಲ್ಲಿ ಅಂಗಡಿ, ಸಾರ್ವಜನಿಕ ಉಪಾಹಾರ ಗೃಹ, ಹೋಟೆಲುಗಳ ಮಾತು ಸ್ಪಷ್ಟವಾಗಿಯೇ ಇದೆ. ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ ಯಾವ ಕಾರಣಕ್ಕೂ ಅಲ್ಲಿಗೆ ಹೋಗದಂತೆ ಯಾರನ್ನೂ ತಡೆಯಕೂಡದು. ದೇಶದ ಮೂಲ ಕಾನೂನು ಬರೆಯುವಾಗ ಹಿರಿಯರಿಗೆ ಹೋಟೆಲಿನ ಬಾಗಿಲು ನೆನಪಾಯಿತು. ಅದು ಅಷ್ಟು ದೊಡ್ಡ ಸಂಗತಿ.

ಲಿಂಗ ಎಂಬ ಮಾತು ಆ ವಿಧಿಯಲ್ಲಿ ಇದ್ದರೂ ಹಳ್ಳಿಯ ಬಾಕಿನ ಮೇಲೆ ಹೆಣ್ಣುಮಕ್ಕಳು ಕೂಡಲು ಬಹಳ ಕಾಲ ಹಿಡಿಯಿತು. ಪಟ್ಟಣದ ಹೋಟೆಲುಗಳಲ್ಲಿ ಪರದೆ ಹಾಕಿದ ಫ್ಯಾಮಿಲಿ ರೂಮ್ ಇರುತ್ತಿತ್ತು, ಗಂಡಸಿನ ಜೊತೆ ಬಂದವರಿಗೆ ಮಾತ್ರ ಅಲ್ಲಿ ಜಾಗ. ಇದರಲ್ಲಿ ನೋವಿನ ಸಂಗತಿ ಎಂದರೆ, ಅಡುಗೆಯ ಹಿಂದೆ ಹೆಣ್ಣಿನ ಕೈ ಯಾವಾಗಲೂ ಇತ್ತು. ಇಡೀ ರಾಜ್ಯ ಚಪ್ಪರಿಸಿ ತಿನ್ನುವ ದಾವಣಗೆರೆ ಬೆಣ್ಣೆ ದೋಸೆಯ ಮೂಲದಲ್ಲಿ ನಮ್ಮ ಬೆಳಗಾವಿ ಜಿಲ್ಲೆಯಿಂದಲೇ ಹೋದ ಚೆನ್ನಮ್ಮ ಎಂಬ ತಾಯಿಯಿದ್ದಾರೆ. 1928ರ ಸುಮಾರಿಗೆ ಮಕ್ಕಳನ್ನು ಕಟ್ಟಿಕೊಂಡು ದಾವಣಗೆರೆಗೆ ಹೋಗಿ, ನಾಟಕದ ಥಿಯೇಟರಿನ ಬಳಿ ರಾಗಿ ದೋಸೆ ಮಾಡಿ ಮಾರಿದರು. ಮುಂದೆ ಅವರ ಮಕ್ಕಳ ಕೈಯಲ್ಲಿ ಅದು ಅಕ್ಕಿ, ಮಂಡಕ್ಕಿ, ಬೆಣ್ಣೆಯ ದೋಸೆಯಾಯಿತು. ಇವತ್ತು ಊರೂರಲ್ಲಿ ದಾವಣಗೆರೆ ಬೆಣ್ಣೆ ದೋಸೆ ಎಂಬ ಬೋರ್ಡು ಕಾಣುತ್ತದೆ. ಊರು ಬಿಟ್ಟು ಹೋದ ಒಬ್ಬ ಹೆಣ್ಣುಮಗಳ ಹೊಟ್ಟೆಪಾಡಿನ ಕೆಲಸ ಇನ್ನೊಂದು ಊರಿನ ಹೆಸರಾಗಿ ನಿಂತಿತು.

ಹಾಗಂತ ಶಾಖೆಯೆಲ್ಲ ಒಳ್ಳೆಯದೇ ಎಂದು ನಾನು ಹೇಳುತ್ತಿಲ್ಲ. ಧಾರವಾಡದವರಿಗೆ ಈ ಪ್ರಶ್ನೆಯ ಎರಡೂ ಮುಖ ಗೊತ್ತು. ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ 19ನೆಯ ಶತಮಾನದಲ್ಲಿ ವಲಸೆ ಬಂದ ಠಾಕೂರ್ ಮನೆತನ ಇಲ್ಲಿ ಪೇಡೆ ಮಾಡತೊಡಗಿತು. ಲೈನ್ ಬಜಾರಿನ ಬಾಬುಸಿಂಗ್ ಠಾಕೂರರ ಅಂಗಡಿ ಬಹುಕಾಲ ಒಂದೇ ಕಡೆ, ದಿನಕ್ಕೆ ಇಷ್ಟೇ ಎಂದು ಮಾಡಿ, ಮುಗಿದ ಮೇಲೆ ಬಾಗಿಲು ಹಾಕಿ ಹೆಸರು ಉಳಿಸಿಕೊಂಡಿತು. ಪೇಡೆಗಾಗಿ ಜನ ಸರದಿಯಲ್ಲಿ ನಿಂತರು. ಇನ್ನೊಂದೆಡೆ ಮಿಶ್ರಾ ಮನೆತನದವರು ಪೇಡೆಯನ್ನು ಊರೂರಿನ ಬಸ್ ನಿಲ್ದಾಣ, ಹೆದ್ದಾರಿ, ಪೇಟೆಗಳಿಗೆ ಒಯ್ದರು. ಧಾರವಾಡವನ್ನೇ ನೋಡದವರಿಗೂ ಧಾರವಾಡ ಪೇಡೆ ಗೊತ್ತಾದದ್ದರಲ್ಲಿ ಅವರ ಪಾಲು ದೊಡ್ಡದು. ಒಂದು ದಾರಿ ಕಟ್ಟುನಿಟ್ಟಿನದು, ಇನ್ನೊಂದು ಹರಡುವ ದಾರಿ. ಎರಡರಿಂದಲೂ ಧಾರವಾಡಕ್ಕೆ ಹೆಸರು ಬಂದಿದೆ.

ಪೇಡೆ ನಾಲ್ಕು ದಿನ ಇಟ್ಟರೂ ಕೆಡುವುದಿಲ್ಲ. ಮಿರ್ಚಿ ಹಾಗಲ್ಲ. ಅದರ ಆಯುಷ್ಯ ಹತ್ತು ನಿಮಿಷ. ಹೊಸ ಶಾಖೆಯ ಸೋಲು ಗೆಲುವು ನಿಂತಿರುವುದು ಇಲ್ಲಿ. ಊರಲ್ಲಿ ರವಿವಾರ ಭಕ್ತರ ಗದ್ದಲವಿದ್ದಾಗ ಕಡಾಯಿಯಿಂದ ತೆಗೆದ ಭಜಿ ತಾಟಿಗೆ ಬೀಳುವ ಮುಂಚೆ ಖಾಲಿಯಾಗುತ್ತದೆ. ಎಣ್ಣೆಯೂ ಬೇಗ ಬೇಗ ಮುಗಿದು ಹೊಸ ಎಣ್ಣೆ ಬೀಳುತ್ತಿರುತ್ತದೆ. ಗಿರಾಕಿ ಇಲ್ಲದ ಹೊಸ ಮಳಿಗೆಯಲ್ಲಿ ಅದೇ ಹಿಟ್ಟು, ಅದೇ ಕೈ ಇದ್ದರೂ ಭಜಿ ತಾಟಿನಲ್ಲಿ ಕೂತು ತಣ್ಣಗಾಗುತ್ತದೆ, ಅದೇ ಎಣ್ಣೆ ಮತ್ತೆ ಮತ್ತೆ ಕಾದು ಕಪ್ಪಾಗುತ್ತದೆ. ಹಾಗೆ ಕಾದ ಎಣ್ಣೆ ನಾಲಿಗೆಗೂ ಕೆಟ್ಟದ್ದು, ಮೈಗೂ ಕೆಟ್ಟದ್ದು. ಕರಿದ ಎಣ್ಣೆಯಲ್ಲಿ ಹುಟ್ಟುವ ಪೋಲಾರ್ ಅಂಶ ಶೇಕಡಾ 25 ದಾಟಿದರೆ ಆ ಎಣ್ಣೆ ಬಳಸಕೂಡದೆಂದು ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ 2018ರಿಂದ ಜಾರಿಯಲ್ಲಿದೆ. ಶಾಯಿ ಹತ್ತಿದ ಪೇಪರಿನಲ್ಲಿ ತಿಂಡಿ ಕಟ್ಟಬಾರದೆಂದೂ ಅದೇ ಪ್ರಾಧಿಕಾರ ಹೇಳಿದೆ. ಇಂಥ ಎಚ್ಚರಗಳಲ್ಲಿ ಶಾಖೆ ಮೂಲಕ್ಕಿಂತ ಮುಂದೆ ಹೋಗಬಹುದು, ಹೋಗಬೇಕು.

ನಾನು ಆ ಹುಡುಗನನ್ನು ಕೇಳಿದೆ: ‘ತಮ್ಮಾ, ಇಲ್ಲಿ ಯಾವುದು ಕಷ್ಟ ಆಗೇತಿ?’ ಅವನು ತಡಮಾಡದೆ ಹೇಳಿದ: ‘ಪಾವ್ ರೀ ಅಕ್ಕಾರ. ಮಿರಜ ಕಡೆ ಲಾದಿ ಪಾವ್ ಸಪ್ಪಗ ಇರ್ತದ, ಇಲ್ಲಿ ಸಿಹಿ ಹಾಕ್ತಾರ. ಬೇಕರಿ ಅಣ್ಣಾಗ ಕೂತು ಹೇಳೀನಿ, ಈಗ ನಮಗಂತ ಸಕ್ರಿ ಕಡಿಮಿ ಮಾಡಿ ಕೊಡ್ತಾನ.’ ಮೆಣಸಿನಕಾಯಿ? ‘ಅದು ಇಲ್ಲೀದ ಚಲೋ ಐತ್ರಿ.’ ಎಣ್ಣೆ? ‘ಊರಾಗಿನಕಿಂತ ಇಲ್ಲಿ ಲಗೂ ಬದಲಿ ಮಾಡ್ತೀನ್ರಿ. ಹುಡುಗ್ರು ಓದೋರು ಅದಾರ, ಹೊಟ್ಟಿ ಕೆಟ್ಟು ಪರೀಕ್ಷೆ ತಪ್ಪಿದ್ರ ಯಾರ್ ಜವಾಬ್ದಾರಿ?’ ಈ ಕೊನೆಯ ಮಾತು ಕೇಳಿ ನನ್ನ ಮನಸ್ಸು ತುಂಬಿ ಬಂತು. ಅಜ್ಜನಿಂದ ಅವನು ಹಿಟ್ಟಿನ ಅಳತೆಯನ್ನಷ್ಟೇ ಕಲಿತಿಲ್ಲ. ಎದುರಿಗೆ ಕೂತವನ ಹೊಟ್ಟೆಯ ಜವಾಬ್ದಾರಿ ತನ್ನದು ಎಂಬುದನ್ನೂ ಕಲಿತಿದ್ದಾನೆ. ಶಾಖೆಗೆ ಊರಿನಿಂದ ಒಯ್ಯಬೇಕಾದದ್ದು ಅದು. ಉಳಿದದ್ದನ್ನು ಹೊಸ ಊರಿನ ಮಾರುಕಟ್ಟೆಯಲ್ಲಿ ಕೊಳ್ಳಬಹುದು.

ನಮ್ಮ ಮಂಗಸೂಳಿಯವರಿಗೆ ಇದು ಬೇಗ ಅರ್ಥವಾಗಬೇಕು, ಏಕೆಂದರೆ ನಮ್ಮ ದೇವರಿಗೇ ಹಲವು ಠಾಣೆಗಳಿವೆ. ಜೇಜೂರಿಯಲ್ಲಿ ಆತ ಖಂಡೋಬಾ, ಕನ್ನಡ ನಾಡಿನಲ್ಲಿ ಮೈಲಾರಲಿಂಗ. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ, ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ, ಬೀದರ ಸೀಮೆಯಲ್ಲಿ, ನಮ್ಮೂರಲ್ಲಿ ಆತ ನೆಲೆಸಿದ್ದಾನೆ. ಮೈಲಾರದಲ್ಲಿ ಗೊರವಯ್ಯ ಬಿಲ್ಲನ್ನೇರಿ ಕಾರಣಿಕ ನುಡಿಯುತ್ತಾನೆ, ಜೇಜೂರಿಯಲ್ಲಿ ಮೆಟ್ಟಿಲುಗಳೆಲ್ಲ ಭಂಡಾರದಿಂದ ಮುಚ್ಚಿಹೋಗುತ್ತವೆ. ಆಚಾರ ಬೇರೆ, ಭಾಷೆ ಬೇರೆ, ನೈವೇದ್ಯ ಬೇರೆ. ಏಳುಕೋಟಿಯ ಕೂಗು ಮಾತ್ರ ಎಲ್ಲ ಕಡೆಯೂ ಕೇಳುತ್ತದೆ. ಮೈಲಾರಕ್ಕೆ ಹೋದ ನಮ್ಮೂರ ಭಕ್ತ ‘ಇದು ಮಂಗಸೂಳಿಯಂಥದಲ್ಲ’ ಎಂದು ಹಣೆಗೆ ಭಂಡಾರ ಹಚ್ಚಿಕೊಳ್ಳದೆ ಬರುವುದಿಲ್ಲ. ಹೊಸ ಠಾಣೆಯಲ್ಲಿ ಆ ಊರಿನ ರೀತಿ ಏನೆಂದು ಕೇಳಿ, ಅದರಂತೆ ನಡೆದು ಬರುತ್ತಾನೆ. ದೇವರ ವಿಷಯದಲ್ಲಿ ನಮ್ಮ ಹಿರಿಯರು ತೋರಿದ ಈ ದೊಡ್ಡ ಮನಸ್ಸನ್ನು ಅನ್ನದ ವಿಷಯದಲ್ಲಿಯೂ ನಾವು ಇಟ್ಟುಕೊಳ್ಳಬೇಕು.

ಮಾತು ಮುಗಿಸುವ ಮುಂಚೆ ಎರಡು ಬೇಡಿಕೆ ಇದೆ. ಮೊದಲನೆಯದು ಶಾಖೆ ತೆರೆಯುವ ನಮ್ಮ ಹುಡುಗರಿಗೆ. ಕಡಾಯಿಯನ್ನು ಕಣ್ಣಿಗೆ ಕಾಣುವಂತೆ ಇಡಿರಿ. ಸ್ವಲ್ಪ ಸ್ವಲ್ಪವೇ ಕರಿಯಿರಿ, ಗಿರಾಕಿ ಎರಡು ನಿಮಿಷ ಕಾದರೆ ಬೇಸರ ಮಾಡಿಕೊಳ್ಳುವುದಿಲ್ಲ. ಕುಡಿಯುವ ನೀರು ಶುದ್ಧವಿರಲಿ, ಕೈ ತೊಳೆಯಲು ಜಾಗ ಇರಲಿ, ಒಬ್ಬಳೇ ಬಂದ ಹೆಣ್ಣುಮಗಳು ಪುಸ್ತಕ ತೆರೆದು ಕೂತರೆ ಏಳೆಂದು ಹೇಳಬೇಡಿರಿ. ಆಗುವುದಾದರೆ ಊರಿನ ಮೂಲ ಅಂಗಡಿಯಲ್ಲಿಯೂ ಒಂದು ಬಾಕು ಹೆಚ್ಚಿಗೆ ಹಾಕಿರಿ. ಧಾರವಾಡದಲ್ಲಿ ಧೈರ್ಯವಾಗಿ ಕೂತು ತಿಂದ ಹುಡುಗಿ ರಜೆಗೆ ಊರಿಗೆ ಬಂದಾಗ ಅಲ್ಲಿಯೂ ಹಾಗೆಯೇ ಕೂತು ತಿನ್ನಲಿ, ತನ್ನ ತಾಯಿಯನ್ನೂ ಕರೆತಂದು ಕೂಡಿಸಲಿ.

ಎರಡನೆಯದು ಕೇಳುಗರಾದ ನಿಮಗೆ. ನಿಮ್ಮೂರ ಅಂಗಡಿ ನೀವಿರುವ ಪೇಟೆಗೆ ಬಂದಿದ್ದರೆ ತೀರ್ಪನ್ನು ಸ್ವಲ್ಪ ದಿನ ತಡೆದು ಹೋಗಿ ಬನ್ನಿರಿ. ಒಮ್ಮೆ ಹೋಗಿ ಸುಮ್ಮನಾಗಬೇಡಿರಿ. ನಾಲ್ಕು ಜನ ಹೋದರೆ ಎಣ್ಣೆ ಹೊಸದಾಗುತ್ತದೆ, ಭಜಿ ಬಿಸಿಯಿರುತ್ತದೆ. ಆ ಬಿಸಿಯಲ್ಲಿ ನಿಮ್ಮ ಪಾಲೂ ಇದೆ. ಉಪ್ಪು ಹೆಚ್ಚಾಗಿದ್ದರೆ, ಎಣ್ಣೆ ಹಳಸಿದ್ದರೆ ಗಲ್ಲೆಯ ಮುಂದೆ ನಿಂತು ಅವನಿಗೇ ಹೇಳಿರಿ, ಊರಿಗೆ ಫೋನ್ ಮಾಡಿ ಹೇಳಬೇಡಿರಿ. ಊರಲ್ಲಿ ಅವನ ಅಜ್ಜನಿಗೆ ಹಾಗೆ ಮುಖದ ಮೇಲೆ ಹೇಳಿ ಹೇಳಿಯೇ ನಮ್ಮ ಹಿರಿಯರು ಆ ರುಚಿಯನ್ನು ತಿದ್ದಿ ನಿಲ್ಲಿಸಿದ್ದಾರೆ. ಧಾರವಾಡದಲ್ಲಿ ಆ ಕೆಲಸ ಈಗ ನಮ್ಮದು. ಮತ್ತು ಹೋಗುವಾಗ, ಇದುವರೆಗೆ ಪುಡಕಿಯ ಭಜಿಯನ್ನೇ ತಿಂದ ಮನೆಯ ಹೆಣ್ಣುಮಕ್ಕಳನ್ನು ಜೊತೆಗೆ ಕರೆದುಕೊಂಡು ಹೋಗಿರಿ. ಕಡಾಯಿಯ ಹತ್ತಿರದ ಜಾಗ ಅವರಿಗೆ ಬಿಟ್ಟುಕೊಡಿರಿ.